ನೀರು ಕುಡಿಯದೆ ಹೊರಟವರು

ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ತುಂಬಿದ ಬಾಟ್ಲಿಯನ್ನು ಮಡಿಲಲ್ಲಿಟ್ಟುಕೊಂಡು, ತುಟಿ ಒಣಗಿದ್ದರೂ ಅದರ ಮುಚ್ಚಳ ತಿರುಗಿಸದೆ ಕೂತಿರುವ ಹೆಂಗಸರನ್ನು ನೀವು ನೋಡಿಯೇ ಇರುತ್ತೀರಿ, ಗಮನಿಸಿರುವುದಿಲ್ಲ, ಅಷ್ಟೆ. ಆ ನೀರು ಮಕ್ಕಳಿಗೆ, ಮಾತ್ರೆ ನುಂಗುವ ಗಂಡಂದಿರಿಗೆ, ಕಿಟಕಿಯಾಚೆ ಕೈ ತೊಳೆಯುವುದಕ್ಕೆ. ತಾವು ಕುಡಿಯುವುದಕ್ಕಲ್ಲ. ಕುಡಿದರೆ ಇಳಿಯಬೇಕು, ಇಳಿದರೆ ಜಾಗ ಹುಡುಕಬೇಕು, ಜಾಗ ಸಿಕ್ಕರೆ ಬಾಗಿಲಿರುವುದಿಲ್ಲ, ಬಾಗಿಲಿದ್ದರೆ ಚಿಲಕವಿರುವುದಿಲ್ಲ. ಆದ್ದರಿಂದ ನಮ್ಮ ಕಡೆಯ ಹೆಣ್ಣು ಪ್ರಯಾಣದ ಹಿಂದಿನ ಸಂಜೆಯಿಂದಲೇ ಗಂಟಲಿಗೆ ಬೀಗ ಹಾಕಿಕೊಳ್ಳುತ್ತಾಳೆ. ಕೆ.ಆರ್. ಪೇಟೆಗೆ ಹೋದರೂ ಅದೇ ವ್ರತ, ಕಾಶಿಗೆ ಹೋದರೂ ಅದೇ ವ್ರತ. ಯಾವ ಪಂಚಾಂಗದಲ್ಲೂ ಬರೆಯದ ಈ ಉಪವಾಸಕ್ಕೆ ಪುಣ್ಯವೆಷ್ಟು ಬರುತ್ತದೋ ನನಗೆ ತಿಳಿಯದು. ತಲೆನೋವಂತೂ ಬರುತ್ತದೆ.

ಈಚೆಗೆ ನಮ್ಮ ಸುತ್ತಮುತ್ತ ನೇಪಾಳದ ಹಿಮಾಲಯದಲ್ಲಿರುವ ಮುಕ್ತಿನಾಥಕ್ಕೆ ಹೋಗುವವರು ಹೆಚ್ಚಾಗಿದ್ದಾರೆ. ಹೊರಡುವ ಮೊದಲು ನನ್ನ ಹತ್ತಿರ ಬಂದು ಸ್ವೆಟರು ಎಂಥದು, ಬೂಟು ಎಂಥದು, ಚಕ್ಕುಲಿ ಕೆಡುತ್ತದೆಯೇ ಎಂದು ವಿಚಾರಿಸುತ್ತಾರೆ. ಬೇಕಾದ್ದನ್ನು ಬಿಟ್ಟು ಬೇಡದ್ದನ್ನೆಲ್ಲ ಕೇಳುವುದು ಯಾತ್ರಿಕರ ಲಕ್ಷಣ. ಚಕ್ಕುಲಿ ಕೆಡುವುದಿಲ್ಲ, ಕೆಡುವುದು ಮನುಷ್ಯರು. ಅದನ್ನು ಹೇಳಬೇಕೆಂದೇ ಕೂತಿದ್ದೇನೆ. ಕೂರುವುದು ನನ್ನ ಜಾಯಮಾನವಲ್ಲ. ಒಂದೆಡೆ ನಿಂತರೆ ಅಂಗಾಲಿನಲ್ಲಿ ಇರುವೆ ಹರಿದಂತಾಗುವ ಹೆಂಗಸು ನಾನು. ಸಾವಿನ ಮನೆಗೆ ಹೋದರೂ ಹೆಣ ಎತ್ತುವ ಮೊದಲು ಅಂಗಳವನ್ನು ಎರಡು ಸಲ ಗುಡಿಸಿರುತ್ತೇನೆ.

ನಾನು ಅಲ್ಲಿಗೆ ಹೋದಾಗ ನಮ್ಮ ಗುಂಪನ್ನು ಕಟ್ಟಿದವರು ನಾಗಮಂಗಲದ ಒಬ್ಬ ನಿವೃತ್ತ ಮೇಷ್ಟ್ರು. ಶ್ರೀರಂಗಪಟ್ಟಣದ ದೇವಸ್ಥಾನದ ಮನೆತನದವರು ಅರ್ಧ, ನಮ್ಮಂಥ ಹೊಲಮನೆಯವರು ಅರ್ಧ. ನನ್ನ ಜೊತೆಗೆ ಬಂದವಳು ಕೆಂಪಮ್ಮ, ನನ್ನ ಗಂಡನ ಅಣ್ಣನ ಹೆಂಡತಿ, ಹಿರಿಯ ವಾರಗಿತ್ತಿ. ನಾನು ಅಕ್ಕ ಎನ್ನುತ್ತೇನೆ. ನಾನು ಆ ಮನೆಗೆ ಸೊಸೆಯಾಗಿ ಬಂದ ಲಾಗಾಯ್ತಿನಿಂದ ಉಪ್ಪಿನ ಡಬ್ಬ ಎಲ್ಲಿರಬೇಕೆಂದು ತೀರ್ಮಾನ ಮಾಡುವವಳು ಅವಳೇ. ಅತ್ತೆ ಮಾವ ಕಾಶಿಗೆ ಹೋದಾಗ, ಭಾವ ತಿರುಪತಿಗೆ ಹೋದಾಗ, ಕಡೆಗೆ ನಾನು ರಾಮೇಶ್ವರಕ್ಕೆ ಹೋದಾಗಲೂ ಹಸು ಕರೆಯಲು ಮನೆಯಲ್ಲಿ ಉಳಿದವಳೂ ಅವಳೇ. ಈ ಮುಕ್ತಿನಾಥವೇ ಅವಳ ಮೊದಲ ಯಾತ್ರೆ. ಅದಕ್ಕಾಗಿ ಅವಳು ಕರೆಯುವ ಹಸುವನ್ನೇ ಮಾರಿಬಿಟ್ಟು ಬಂದಿದ್ದಳು, ಯಾರೂ ಅಡ್ಡ ಹೇಳಬಾರದು ಅಂತ.

ರಾಗಿಹಿಟ್ಟು, ಮುದ್ದೆ ಕೋಲು ಎರಡೂ ನಮ್ಮ ಚೀಲದಲ್ಲಿದ್ದವು. ಪೊಖರಾದಿಂದ ದಿನವಿಡೀ ಜೀಪಿನಲ್ಲಿ ಕುಲುಕಿ ಜೋಮ್ಸೋಮ್ ಎಂಬ ಊರು ಸೇರಿದ ಸಂಜೆ, ವಸತಿಯ ಒಡತಿಯನ್ನು ಕೈಸನ್ನೆಯಲ್ಲೇ ಒಪ್ಪಿಸಿ ಅವಳ ಒಲೆಯ ಮೇಲೆ ಎಸರಿಟ್ಟೆ. ಇಲ್ಲೊಂದು ಮಾತು ನೆನಪಿಡಿ: ಆ ಜನ ಒಲೆಗೆ, ಎಂಜಲಿಗೆ ನಮ್ಮಷ್ಟೇ ಮಡಿ ಮಾಡುತ್ತಾರೆ, ಕರೆಯದೆ ಅಡುಗೆಮನೆಗೆ ನುಗ್ಗಬೇಡಿ. ಎರಡನೆಯದು, ಆ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಕುದಿಯುವ ನೀರಿಗೆ ನಮ್ಮೂರಿನ ಬಿಸಿಯಿರುವುದಿಲ್ಲ. ಗುಳುಗುಳು ಸದ್ದು ನಂಬಿ ಊರಿನ ಅಂದಾಜಿನಲ್ಲೇ ಇಳಿಸಿದೆ. ಮುದ್ದೆ ಮುರಿದರೆ ಒಳಗೆ ಹಸಿ ಹಿಟ್ಟು.

"ನಿನ್ ಕೈಗೆ ಯಾವತ್ ಬಂದಿತ್ತಮ್ಮಿ ಮುದ್ದೆ," ಅಂದಳು ಅಕ್ಕ. "ಇಮಾಲಯದ ಮ್ಯಾಲೆ ಯಾಕ್ ತಪ್ಪು ಒರಿಸ್ತೀಯ."

ಒಡತಿ ನಕ್ಕು, ತನ್ನದೇ ಪಾತ್ರೆಯಲ್ಲಿ ಯಾವುದೋ ಕಪ್ಪು ಧಾನ್ಯದ ಹಿಟ್ಟನ್ನು ಅವಸರವಿಲ್ಲದೆ ಬಹಳ ಹೊತ್ತು ತಿರುವಿ, ನಮ್ಮ ಮುದ್ದೆಯ ಖಾಸಾ ತಂಗಿಯಂಥ ಒಂದು ಪದಾರ್ಥ ಬಡಿಸಿದಳು. ಭಾಷೆ ಬೇರೆ, ದೇವರು ಬೇರೆ, ಮುಖ ಬೇರೆ. ಹಿಟ್ಟು ತಿರುವುವ ರಟ್ಟೆ ಮಾತ್ರ ಒಂದೇ. ಅಕ್ಕ ಒಂದು ತುತ್ತು ತಿಂದು ತಟ್ಟೆ ಸರಿಸಿದಳು. ಜೀಪಿನ ಕುಲುಕಾಟ ಅಂದುಕೊಂಡೆ.

ಒಂದು ದಿನ ಇಲ್ಲೇ ತಂಗಿದರೆ ದೇಹ ಹೊಂದಿಕೊಳ್ಳುತ್ತದೆ ಎಂದರು ಮೇಷ್ಟ್ರು. ಯಾರು ಕೇಳುತ್ತಾರೆ. ಮಾರನೆಯ ದಿನ ಏಕಾದಶಿ, ದೇವರು ಕೂಗಳತೆಯಲ್ಲಿ. ಎಲ್ಲರೂ ಬೆಳಗಾಗುವುದನ್ನೇ ಕಾದು ಜೀಪು ಹತ್ತಿದೆವು. ದಾರಿಯಲ್ಲಿ ಅಕ್ಷರ ಕೆತ್ತಿದ ಕಲ್ಲುಗಳ ಗೋಡೆಗಳು, ಕೈಯಲ್ಲಿ ತಿರುಗಿಸುವ ಪೂಜೆಯ ಚಕ್ರಗಳು. ಗೋಡೆಯನ್ನು ಬಲಕ್ಕಿಟ್ಟುಕೊಂಡು ನಡೆಯಿರಿ, ಚಕ್ರವನ್ನು ಬಲಕ್ಕೆ ತಿರುಗಿಸಿ; ನಮ್ಮ ಪ್ರದಕ್ಷಿಣೆಯೇ ಅದು, ಹೆಸರು ಬೇರೆ. ಮೇಲಿನ ಗುಡಿಯನ್ನು ಬೌದ್ಧ ಸನ್ಯಾಸಿನಿಯರೂ ನೋಡಿಕೊಳ್ಳುತ್ತಾರಂತೆ. ಶ್ರೀರಂಗಪಟ್ಟಣದ ಒಬ್ಬಾಕೆ ಇದನ್ನು ಕೇಳಿ ಹುಬ್ಬೇರಿಸಿದರು, ಆಮೇಲೆ ಚಳಿಗೆ ಹುಬ್ಬೂ ಇಳಿಯಿತು.

ಜೀಪು ನಿಲ್ಲುವ ಊರಿನಿಂದ ಗುಡಿಗೆ ಸ್ವಲ್ಪವೇ ನಡಿಗೆ. ಬಿಳಿಯ ಗೋಡೆ, ಗಾಳಿಗೆ ಬಡಿದಾಡುವ ಬಣ್ಣದ ಬಾವುಟಗಳು ಅಲ್ಲಿಂದಲೇ ಕಾಣುತ್ತಿದ್ದವು. ಇಳಿದವಳೇ ಅಕ್ಕ ಹೆಂಡ ಕುಡಿದವಳಂತೆ ತೂರಾಡಿದಳು, ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ನೋಡಿದರೆ ಸೆರಗಿನೊಳಗೆ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಿದ್ದಾಳೆ. ಹಿಂದಿನ ದಿನದಿಂದ ತಲೆ ಸಿಡಿಯುತ್ತಿದ್ದರೂ ಬಾಯಿ ಬಿಟ್ಟಿರಲಿಲ್ಲ.

"ಏನೂ ಇಲ್ಲ, ಸುಮ್ಕಿರು," ಅಂದಳು. ಆಮೇಲೆ ನನ್ನತ್ತ ತಿರುಗಿ, "ಗೌರೀನ ಒಳಕ್ ಕಟ್ಟಮ್ಮಿ, ಮಳೆ ಬತ್ತಾ ಅದೆ," ಅಂದಳು.

ಆಕಾಶದಲ್ಲಿ ಒಂದು ತುಂಡು ಮೋಡವಿರಲಿಲ್ಲ. ಗೌರಿ ಅವಳು ಮಾರಿ ಬಂದ ಹಸು.

ಅವಳ ರಟ್ಟೆ ಹಿಡಿದು ಆಸ್ಪತ್ರೆ ಹುಡುಕಿಕೊಂಡು ಹೊರಟೆ. ಅಲ್ಲಿನ ಚಿಕ್ಕ ಆರೋಗ್ಯ ಕೇಂದ್ರದ ಹೆಂಗಸು ಅವಳ ಕಣ್ಣು ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಕೈಯನ್ನು ಕೆಳಕ್ಕೆ ತೋರಿಸಿದಳು. ಮೇಷ್ಟ್ರು ಹಿಂದಿಯಿಂದ ಕನ್ನಡ ಮಾಡಿದರು: ಈಗಲೇ ಇಳಿಸಬೇಕು, ದರ್ಶನ ಮುಗಿಸಿಕೊಂಡು ಅಲ್ಲ, ಈಗಲೇ, ಇದು ಎತ್ತರದ ಕಾಯಿಲೆ, ತಲೆಗೇರಿದರೆ ಜೀವ ಉಳಿಯುವುದಿಲ್ಲ.

"ನಾನು ಇಳಿಯಾಕಿಲ್ಲ," ಅಂದಳು ಅಕ್ಕ. ಅಷ್ಟು ಮಾತ್ರ ಸ್ಪಷ್ಟವಾಗಿತ್ತು. "ಬೇಕಾದ್ರೆ ಇಲ್ಲೇ ಸಾಯ್ತೀನಿ. ಮುಕ್ತಿ ಆದ್ರೂ ಸಿಕ್ತದೆ."

"ಸಾಯಾದಾದ್ರೆ ಊರಲ್ಲಿ ಸಾಯಿ. ಇಲ್ಲಿಂದ ಒತ್ಕೊಂಡ್ ಓಗಾಕೆ ನನ್ ಕೈಲಾಗಾಕಿಲ್ಲ."

"ಚಿಕ್ಕೋಳು ನೀನು. ನಂಗೇ ಏಳ್ತೀಯಾ?"

"ಊ, ಏಳ್ತೀನಿ. ಅತ್ತು ಜೀಪ."

ಮೇಷ್ಟ್ರು ಒಳ್ಳೆಯ ಮನುಷ್ಯ. ಡ್ರೈವರ್ ಜೊತೆ ಕಳಿಸೋಣ, ನೀವು ಓಡಿ ಹೋಗಿ ಕೈಮುಗಿದು ಬನ್ನಿ ಎಂದರು. ನನ್ನ ಕಾಲು ಆಗಲೇ ಗುಡಿಯ ಕಡೆ ತಿರುಗಿತ್ತು, ಸುಳ್ಳೇಕೆ ಹೇಳಲಿ. ಅಷ್ಟು ದೂರ ಬಂದು ಬಾಗಿಲಲ್ಲಿ ಹಿಂತಿರುಗುವುದೆಂದರೆ ಎಂಥ ಸಂಕಟ ಎಂಬುದು ಹಿಂತಿರುಗಿದವರಿಗೇ ಗೊತ್ತು. ಆದರೆ ನಮ್ಮ ಭಾಷೆ ಬಾರದ ಡ್ರೈವರನಿಗೆ ಇವಳು ಗೌರಿಯ ಕಥೆ ಹೇಳಿದರೆ ಅವನಿಗೇನು ಅರ್ಥವಾದೀತು. ಹತ್ತಿ ಕೂತೆ. ದೇವರ ಕಡೆಗೆ ಬೆನ್ನಾಯಿತು. ತಿರುಗಿ ನೋಡಲಿಲ್ಲ, ನೋಡಿದ್ದರೆ ಇಳಿದುಬಿಡುತ್ತಿದ್ದೆ.

ಇಳಿಯುತ್ತ ಇಳಿಯುತ್ತ ಅವಳ ಮಾತು ನೆಟ್ಟಗಾಯಿತು. ನೆಟ್ಟಗಾದ ಮಾತೆಲ್ಲ ನನ್ನನ್ನು ಬೈಯುವುದಕ್ಕೆ ಖರ್ಚಾಯಿತು. ಆಮೇಲೆ ಅದೂ ನಿಂತು, ಜೋಮ್ಸೋಮಿನ ವಸತಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ಒಡತಿ ಬೆಳ್ಳುಳ್ಳಿ ಹಾಕಿದ ತಿಳಿ ಸಾರು, ಬಿಸಿ ನೀರು ತಂದಿಟ್ಟಳು. ಅಕ್ಕ ಮುಟ್ಟಲಿಲ್ಲ.

"ಕುಡಿಯೇ."

"ಕುಡುದ್ರೆ ಎಲ್ಲಿಗೋಗಾದು? ಆ ಕೊನೇಗಿರಾ ಕಕ್ಕಸಿಗೆ ಬಾಗ್ಲೇ ಇಲ್ಲ."

ಆಗ ನನಗೆ ಹೊಳೆಯಿತು. "ಯಾವಾಗ ಕುಡ್ದಿದ್ದೆ ನೀರ?"

"ಪೊಖರಾದಲ್ಲಿ ಮಾತ್ರೆಗೆ ಒಂದ್ ಗುಟುಕು."

ಎತ್ತರದ ಗಾಳಿ ಮೈಯ ಪಸೆಯನ್ನು ಬೆವರೂ ಕಾಣಿಸದಂತೆ ಹೀರಿಬಿಡುತ್ತದೆ. ಕಾಯಿಲೆಗೆ ಮೂಲ ಅವಸರದಲ್ಲಿ ಏರಿದ್ದು, ಮದ್ದು ಇಳಿದದ್ದು. ಆದರೆ ಒಣಗಿದ ಮೈ ಆ ಬೆಂಕಿಗೆ ಸೌದೆ. ಆದ್ದರಿಂದ ಹೊರಡುವವರೇ, ಮೊದಲು ಡಾಕ್ಟರನ್ನು ಕೇಳಿ. ಏರುವಾಗ ನಡುವೆ ತಂಗಿ. ತಲೆನೋವನ್ನು ಸೆರಗಿನೊಳಗೆ ಕಟ್ಟಿಕೊಳ್ಳದೆ ಜೊತೆಯವರಿಗೆ ಹೇಳಿ. ಮತ್ತು ನೀರು ಕುಡಿಯಿರಿ. ಬಾಗಿಲಿಲ್ಲದ ಕಡೆಗೆ ಒಂದು ದಪ್ಪ ಶಾಲು ಒಯ್ಯಿರಿ. ಅದನ್ನು ಹಿಡಿದು ನಿಲ್ಲುವ ಒಬ್ಬಳನ್ನೂ ಒಯ್ಯಿರಿ.

"ಬಾಗ್ಲಿಗ್ ನಾನ್ ನಿಂತ್ಕತೀನಿ," ಅಂದೆ. "ಕುಡಿ."

ಗುಟುಕು ಗುಟುಕಾಗಿ ಕುಡಿದಳು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಮುಖದಲ್ಲಿ ರಕ್ತ ಕಾಣಿಸಿತು, ಆದರೆ ನನ್ನೊಡನೆ ಮಾತಿಲ್ಲ. ಸಂಜೆಗೆ ಉಳಿದವರು ಬಂದರು, ಗುಡಿಯ ಹಿಂದಿನ ನೂರೆಂಟು ನೀರಿನ ಧಾರೆಗಳ ಕೆಳಗೆ ಮಿಂದು ಹಲ್ಲು ಕಟಕಟಿಸುತ್ತ, ಕಂಡದ್ದನ್ನೆಲ್ಲ ಹೇಳಬೇಕೆಂಬ ಆಸೆಯನ್ನು ನಮ್ಮ ಮುಖ ನೋಡಿ ನುಂಗಿಕೊಳ್ಳುತ್ತ. ಮೇಷ್ಟ್ರು ನಾಗಮಂಗಲದ ತಮ್ಮ ನೆಂಟರಿಷ್ಟರಿಗೆಲ್ಲ ಹಂಚಲು ಆ ಧಾರೆಗಳ ನೀರನ್ನು ಒಂದು ಬಾಟ್ಲಿ ತುಂಬ ತಂದಿದ್ದರು. ಅದನ್ನು ಅಕ್ಕನ ಕೈಗೆ ಕೊಟ್ಟು, "ಕಣ್ಣಿಗೆ ಒತ್ಕಳಿ ತಾಯಿ, ತಲೆ ಮೇಲೆ ಒಂದ್ ಹನಿ ಹಾಕ್ಕಳಿ. ನೀವೇ ಮಿಂದಂಗೆ," ಅಂದರು.

ಅಕ್ಕ ಕಣ್ಣಿಗೆ ಒತ್ತಿಕೊಂಡಳು. ಮುಚ್ಚಳ ತೆಗೆದಳು. ಆಮೇಲೆ ಬಾಟ್ಲಿಯನ್ನು ಎತ್ತಿ, ಯಾರಾದರೂ ತಡೆಯುವ ಮೊದಲೇ, ಗಟಗಟನೆ ತಳದವರೆಗೆ ಕುಡಿದುಬಿಟ್ಟಳು. ಮೇಷ್ಟ್ರ ಕೈ ಚಾಚಿದಂತೆಯೇ ನಿಂತಿತ್ತು.

"ಇನ್ನೊಸಿ ಇಲ್ವಾ ಮೇಷ್ಟ್ರೇ?" ಅಂದಳು ಬಾಯಿ ಒರೆಸಿಕೊಂಡು.

ತುಸು ಹೊತ್ತಿಗೆ ನನ್ನ ಸೆರಗು ಜಗ್ಗಿದಳು. ಮಧ್ಯಾಹ್ನದಿಂದೀಚೆಗೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. "ಬಾರಮ್ಮಿ, ಅಡ್ಡ ನಿಂತ್ಕ."

ಹೊರಗೆ ಗಾಳಿ ಕಲ್ಲು ತೂರುವಂತಿತ್ತು. ನಾನು ಎರಡೂ ಕೈಯಲ್ಲಿ ಶಾಲು ಬಿಡಿಸಿ ಹಿಡಿದು, ಬೆಟ್ಟದ ಕಡೆ ಮುಖ ಮಾಡಿ, ಅವಳು ಏಳುವವರೆಗೂ ಅಲುಗಾಡದೆ ನಿಂತೆ.