ಟಿವಿಯ ಹಾಡುಗಾರ್ತಿಗೆ ದೃಷ್ಟಿ ತೆಗೆದೆ

ಸ್ವೀಡನ್ನಿನ ಸೊಲ್ಲೆಂಟುನಾ ಊರಿನಲ್ಲಿರುವ ಮಗಳ ಮನೆಯ ಟಿವಿಯಲ್ಲಿ ಒಬ್ಬಾಕೆ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಅಮೆರಿಕದ ಸೋಲ್ ಸಂಗೀತದ ದೊಡ್ಡ ಹಾಡುಗಾರ್ತಿಯಂತೆ. ಕಳೆದೇಹೋಗಿದ್ದ ಹಳೆಯ ಸ್ಟುಡಿಯೋ ರೆಕಾರ್ಡಿಂಗ್ ಈಗ ಸಿಕ್ಕಿತಂತೆ. ಮಾತು ಒಂದೂ ತಿಳಿಯದಿದ್ದರೂ ನನಗೆ ಮೈಯೆಲ್ಲ ಜುಮ್ಮೆಂದಿತು. ಎದ್ದು ಹೋಗಿ ಟಿವಿಗೇ ನಿವಾಳಿಸಿ ಲಟಲಟ ನೆಟಿಗೆ ಮುರಿದೆ.

“ಅಮ್ಮಾ, ಅದು ಐವತ್ತು ವರ್ಷದ ಹಿಂದಿನ ಪ್ರೋಗ್ರಾಂ! ದೃಷ್ಟಿ ತಾಗೋದಾಗಿದ್ರೆ ಆಗ್ಲೇ ತಾಗಿರ್ತಿತ್ತು,” ಎಂದು ಮಗಳು ನಕ್ಕಳು.

“ಈಗ ತಾನೇ ಸಿಕ್ಕಿದ್ದು? ಹೊಸದಾಗಿ ಕಣ್ಣು ಬೀಳುತ್ತೆ, ಸುಮ್ನಿರೇ!” ಎಂದೆ.

ನಾನು ಬಂದು ಎರಡು ವಾರವಾದರೂ ಹತ್ತಿರ ಸುಳಿಯದಿದ್ದ ಐದು ವರ್ಷದ ಮೊಮ್ಮಗಳು ಓಡಿ ಬಂದು, “ಅಜ್ಜಿ, ಮೀ ಟೂ!” ಎಂದು ಕೆನ್ನೆಯೊಡ್ಡಿ ನಿಂತಳು.

ಈಗ ದಿನಾ ಡಾಗಿಸ್ ಎನ್ನುವ ಇಲ್ಲಿನ ಶಿಶುವಿಹಾರದಿಂದ ಬಂದವಳು ಜಾಕೆಟ್ ಕೂಡ ಬಿಚ್ಚದೆ ನನ್ನ ಮಡಿಲೇರುತ್ತಾಳೆ. ಅಮ್ಮ ಕರೆದರೂ ಇಳಿಯುವುದಿಲ್ಲ. ಮಗಳಿಗೆ ಹೊಟ್ಟೆಕಿಚ್ಚು, ಪಡಲಿ ಬಿಡಿ!