ಮೀನಿನ ಬುಟ್ಟಿ ಕಲಿಸಿದ ಮದ್ದು

ಮೂಡುಬಿದಿರೆ ಹತ್ತಿರದ ಗೇರುಬೀಜ ಕಾರ್ಖಾನೆಯಲ್ಲಿ ಕೆಲಸದವರ ಎಳೆಮಕ್ಕಳನ್ನು ನೋಡಿಕೊಳ್ಳುವವಳು ನಾನು. ಮಕ್ಕಳ ಕೋಣೆಯ ಡೈಪರ್ ವಾಸನೆ ವಾರದೊಳಗೆ ಹೋಗದಿದ್ದರೆ ಬಾಗಿಲು ಹಾಕಿಸುತ್ತೇನೆ ಎಂದು ತಪಾಸಣೆಗೆ ಬಂದ ಮೇಡಂ ಹೇಳಿಹೋಗಿದ್ದರು. ಹಾಗಾದರೆ ಒಂಬತ್ತು ತಾಯಂದಿರು ಕೆಲಸ ಬಿಡಬೇಕು. ಸ್ಪ್ರೇ ಹೊಡೆದರೆ ಮಕ್ಕಳಿಗೆ ಸೀನು.

ಅದೇ ಚಿಂತೆಯಲ್ಲಿ ಫರಂಗಿಪೇಟೆಯಲ್ಲಿ ಬಸ್ಸು ಹತ್ತಿದೆ. ಪಕ್ಕದಲ್ಲಿದ್ದ ಹೆಂಗಸು ಮೀನು ಮಾರಿ ಬಂದೆ ಎಂದರು. ಅವರ ಬುಟ್ಟಿಗೆ ಮಾತ್ರ ವಾಸನೆಯೇ ಇಲ್ಲ.

"ಇದು ಮೀನಿನ ಬುಟ್ಟಿ ಹೌದಾ?" ಎಂದು ಕೇಳಿಬಿಟ್ಟೆ.

"ಬೇಕಾದರೆ ಮೂಸಿ ನೋಡಿ ಅಕ್ಕ!"

ಇಡೀ ಬಸ್ಸು ನೋಡುತ್ತಿರುವಾಗ ನಾನು ಬಗ್ಗಿ ಮೂಸಿದೆ. ಅವರು ನಕ್ಕರು. "ತೊಳೆದು, ತೆಂಗಿನ ಗೆರಟೆಯ ಇದ್ದಿಲು ಬಟ್ಟೆಯಲ್ಲಿ ಕಟ್ಟಿ ಒಳಗೆ ಇಡುವುದು. ವಾಸನೆಯನ್ನೆಲ್ಲ ಅದು ಎಳೆದುಕೊಳ್ತದೆ."

ಮರುದಿನವೇ ಗೆರಟೆ ಚಿಪ್ಪು ಸುಟ್ಟೆ. ಆರಿದ ಇದ್ದಿಲು ಕುಟ್ಟಿ, ಅಡುಗೆ ಸೋಡಾ ಬೆರೆಸಿ, ಪೊಟ್ಟಣ ಕಟ್ಟಿ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ ನೇತುಹಾಕಿದೆ.

ವಾರ ಮುಗಿದ ದಿನ ಮೇಡಂ ಮೂಗಿಗೆ ಕರವಸ್ತ್ರ ಹಿಡಿದೇ ಬಂದರು. ಬಾಗಿಲಲ್ಲಿ ನಿಂತು ಮೆಲ್ಲನೆ ಅದನ್ನು ಇಳಿಸಿದರು.

"ಇವತ್ತು ಮಕ್ಕಳು ಬರಲಿಲ್ಲವಾ?"

"ಒಂಬತ್ತು ಮಂದಿಯೂ ಉಂಟು ಮೇಡಂ. ಈಗಷ್ಟೇ ಡೈಪರ್ ಬದಲಿಸಿ ಮಲಗಿಸಿದೆ," ಎಂದೆ, ಎದೆಯುಬ್ಬಿಸಿ.

ಕೋಣೆ ಉಳಿಯಿತು. ಹೊರಡುವಾಗ ಅವರು ದನಿ ತಗ್ಗಿಸಿ ಎರಡು ಪೊಟ್ಟಣ ಕೇಳಿ ಒಯ್ದರು. ಗಂಡನ ಶೂಗಳಿಗಂತೆ.