ಹನ್ನೆರಡು ಅಳತೆ

ನಮ್ಮ ಬೀದಿಯ ಮೂಲೆಯ ಔಷಧಿ ಅಂಗಡಿಯಲ್ಲಿರುವ ಕಾಂಪೌಂಡರ್, ಪುಡಿ ಬೆರೆಸಲು ಕೂರುವ ಮುಂಚೆ ಬಾಯಿ ತುಂಬ ನೀರು ತುಂಬಿಕೊಳ್ಳುತ್ತಾರೆ. ನುಂಗುವುದಿಲ್ಲ. ಕೆಲಸ ಮುಗಿಯುವವರೆಗೂ ಕೆನ್ನೆ ಉಬ್ಬಿಸಿಕೊಂಡೇ ಇರುತ್ತಾರೆ. ಯಾರು ಏನು ಕೇಳಿದರೂ ಮಾತು ಹೊರಡುವಂತಿಲ್ಲ. ಗಿರಾಕಿಗಳು ಇಟ್ಟ ಹೆಸರು ಮೌನಿಬಾಬಾ.

ಮೂವತ್ತು ವರ್ಷದ ಅಭ್ಯಾಸವಂತೆ. ಹೊಸದಾಗಿ ಸೇರಿದ್ದಾಗ, ಅಳತೆಯ ನಡುವೆ ಯಾರೋ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರು. ಇವರು ದಾರಿ ಹೇಳಿ, ತಿರುಗಿ, ಹಾಕಿದ್ದ ಔಷಧಿಯನ್ನೇ ಇನ್ನೊಮ್ಮೆ ಹಾಕಿದರು. ಅದನ್ನು ತಿಂದ ಮುದುಕಿ ಎರಡು ದಿನ ಕಣ್ಣು ಬಿಡಲಿಲ್ಲ.

"ಬದುಕಿಕೊಂಡ್ರು, ಆಯಮ್ಮನ ಪುಣ್ಯ. ನನ್ನ ನಾಲಗೇನ ಮಾತ್ರ ಅವತ್ತಿಂದ ನಾನು ನಂಬಲ್ಲ" ಎಂದು ಒಮ್ಮೆ ನನಗೆ ಹೇಳಿದ್ದರು.

ನನ್ನ ಏಳು ತಿಂಗಳ ಮಗಳ ಎದೆಬಡಿತ ತಾಳ ತಪ್ಪುತ್ತದೆ. ದೊಡ್ಡವರ ಗುಳಿಗೆಯೊಂದನ್ನು ಅರೆದು, ಹನ್ನೆರಡು ಅಳತೆ ಸಕ್ಕರೆಪುಡಿ ಬೆರೆಸಿ, ಸಣ್ಣ ಪೊಟ್ಟಣ ಕಟ್ಟಿಕೊಡಬೇಕು. ಸಕ್ಕರೆ ಕಡಿಮೆಯಾದರೆ ಪ್ರತಿ ಪೊಟ್ಟಣದಲ್ಲೂ ಔಷಧಿ ಹೆಚ್ಚು. ಔಷಧಿ ಹೆಚ್ಚಾದರೆ ಏನಾಗುತ್ತದೆಂದು ಡಾಕ್ಟರು ಹೇಳಿದ ದಿನದಿಂದ ನನಗೆ ಸರಿಯಾಗಿ ಅನ್ನ ಇಳಿಯುತ್ತಿಲ್ಲ.

ಮೊನ್ನೆ ಪೊಟ್ಟಣಗಳು ಮುಗಿದಿದ್ದವು. ನಾಲ್ಕು ಗಂಟೆಗೆ ಮುಂದಿನದನ್ನು ಕುಡಿಸಬೇಕಿತ್ತು. ಮೂರೂವರೆಗೆ ಮಗುವನ್ನು ಎತ್ತಿಕೊಂಡು ಹೋದೆ. ಕಾಂಪೌಂಡರ್ ಬಾಯಿಗೆ ನೀರು ತುಂಬಿಕೊಂಡು ನಮ್ಮ ಪುಡಿ ಬೆರೆಸಲು ಕೂತರು. ಅಂಗಡಿಯೋ, ಅಸಹ್ಯ. ಗಾಜಿನ ಮೇಲೆಲ್ಲ ಬೆರಳಿನ ಜಿಡ್ಡು. ಒಬ್ಬ ಹೆಂಗಸು ಮೊಬೈಲನ್ನು ಪೂರ್ತಿ ದನಿಯಲ್ಲಿಟ್ಟು ಯಾರದೋ ಕುಣಿತ ನೋಡುತ್ತಿದ್ದಳು. ಒಂದೇ ಹಾಡಿನ ಒಂದೇ ತುಣುಕು, ತಿರುತಿರುಗಿ. ಪಕ್ಕದಲ್ಲಿ ಒಬ್ಬಾತ ಬಾಯಿ ತೆರೆದು ಏನೋ ಜಗಿಯುತ್ತ ಬೀಗದ ಕೈಯಿಂದ ಗಾಜು ಕುಟ್ಟುತ್ತಿದ್ದ.

"ರೀ, ಕೆಮ್ಮಿನ ಔಷಧಿ. ಆಗಿಂದ ಕೇಳ್ತಿದೀನಿ. ಉತ್ತರ ಕೊಟ್ರೆ ಮುತ್ತು ಉದುರಿ ಹೋಗುತ್ತಾ?"

"ನೀರು ಉದುರುತ್ತೆ ಬಿಡಿ" ಎಂದು ಹೆಂಗಸು ಪರದೆಯಿಂದ ಕಣ್ಣು ಕೀಳದೆ ನಕ್ಕಳು.

ಮಾಲೀಕರು ಗಲ್ಲಾದ ಹಿಂದೆ ಕೂತು ತಮ್ಮ ಮೊಬೈಲು ಉಜ್ಜುತ್ತಿದ್ದರು. ಎದ್ದು ಒಂದು ಶೀಶೆ ಕೊಡಲು ಅವರಿಗೇನು ಧಾಡಿ? ಮಗುವನ್ನು ಅವರೆಲ್ಲರಿಂದ ಆಚೆಗೆ ತಿರುಗಿಸಿ ಹಿಡಿದೆ.

ಈ ಗದ್ದಲದಲ್ಲಿ ಕಾಂಪೌಂಡರ್ ಲೆಕ್ಕ ತಪ್ಪಿಬಿಟ್ಟರೆ? ಅವರಿಗೆ ಸಹಾಯವಾಗಲೆಂದು ನಾನೇ ಎಣಿಸತೊಡಗಿದೆ, ಅವರಿಗೆ ಕೇಳುವ ಹಾಗೆ. ಐದು. ಆರು. ಏಳು. ಅಷ್ಟರಲ್ಲಿ ನನ್ನ ಮೊಬೈಲು ಮಿಣುಕಿತು. ಅಕ್ಕ ಯಾವುದೋ ಸೀರೆಯ ಚಿತ್ರ ಕಳಿಸಿದ್ದಳು. ನೋಡಿದೆ. ತಲೆ ಎತ್ತಿ, "ಒಂಬತ್ತು" ಎಂದೆ.

ಅವರ ಕೈ ನಿಂತಿತು. ಚಮಚ ಗಾಳಿಯಲ್ಲೇ ಉಳಿಯಿತು. ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. ತೊಟ್ಟಿಗೆ ಹೋಗಿ ನೀರು ಉಗಿದು, ಬಟ್ಟಲಲ್ಲಿದ್ದ ಅಷ್ಟನ್ನೂ ಕಸಕ್ಕೆ ಸುರಿದರು.

"ಅಯ್ಯೋ, ಯಾಕ್ ಚೆಲ್ಲಿದ್ರಿ?"

"ಎಂಟೋ ಒಂಬತ್ತೋ ಗೊತ್ತಾಗ್ಲಿಲ್ಲ."

"ಹತ್ತು ನಿಮಿಷ ಇದೆ ಅಷ್ಟೇ. ಒಂದು ಅಳತೆ ತಾನೇ, ಅಂದಾಜಿಗೆ ಹಾಕಿದ್ರೆ ಆಗ್ತಿತ್ತು."

ಇದನ್ನು ಹೇಳಿದ್ದು ನಾನು. ಹೆತ್ತವಳು.

"ಅಂದಾಜಿಗೆ ಸಾರಿಗೆ ಉಪ್ಪು ಹಾಕ್ಕೊಳ್ಳಿ ತಾಯಿ" ಎಂದರು, ದನಿ ಏರಿಸದೆ. "ತಡ ಆದ್ರೆ ಏನು ಮಾಡ್ಬೇಕು ಅಂತ ಡಾಕ್ಟರನ್ನ ಕೇಳಿ. ಹೊರಗೆ ಹೋಗಿ ಕೇಳಿ."

ಹೊರಗೆ ಮೆಟ್ಟಿಲ ಮೇಲೆ ನಿಂತು ಫೋನು ಮಾಡಿದೆ. ಅರ್ಧ ಗಂಟೆ ತಡವಾದರೆ ತೊಂದರೆಯಿಲ್ಲ ಎಂದರು ಡಾಕ್ಟರು. ಆಮೇಲೆ ಮೊಬೈಲು ಆರಿಸಿ ಚೀಲದ ತಳಕ್ಕೆ ತುರುಕಿದೆ. ಒಳಗಿನವರ ಮೇಲೆ ಹುಟ್ಟಿದ್ದ ಹೇಸಿಗೆ ಅಲ್ಲಿಂದ ಹೊರಟು ನನ್ನ ಮೈಮೇಲೇ ಬಂದು ಕೂತಿತು. ಅವರಾದರೂ ಕೆಮ್ಮಿಗೆ ಬಂದವರು. ಸೀರೆಯ ಅಂಚು ಯಾವ ಬಣ್ಣದ್ದೆಂದು ಈಗಲೂ ಹೇಳಬಲ್ಲೆ. ಅಳತೆ ಎಷ್ಟಾಗಿತ್ತೆಂದು ಹೇಳಲಾರೆ.

ನಾಲ್ಕು ಹತ್ತಕ್ಕೆ ಒಳಗಿನಿಂದ ಕರೆದರು. ಪೊಟ್ಟಣಗಳು ಸಾಲಾಗಿದ್ದವು. ಮೊದಲನೆಯದನ್ನು ಅಲ್ಲೇ ಬಿಚ್ಚಿ, ಜೊತೆಗೆ ತಂದಿದ್ದ ಹಾಲಲ್ಲಿ ಕದಡಿ ಕುಡಿಸಿದೆ. ಮಗಳು ಮುಖ ಕಿವುಚಿ, ಇನ್ನೇನು ಉಗಿಯುತ್ತಾಳೆ ಎನ್ನುವಾಗ ನುಂಗಿದಳು.

"ಆಯ್ತಾ ರೀ ಇವ್ರದು? ಈಗಲಾದ್ರೂ ಕೆಮ್ಮಿಂದು ಕೊಡ್ತಾರಾ?" ಬೀಗದ ಕೈಯವನು ನನ್ನನ್ನು ಕೇಳಿದ.

ನಾನು ಮಗಳ ಗಂಟಲನ್ನೇ ನೋಡುತ್ತಿದ್ದೆ. ಇನ್ನೊಂದು ಗುಟುಕು ಬಾಕಿಯಿತ್ತು.